ಸಮಾನ ಭಿನ್ನರಾಶಿಗೆ ವೃತ್ತ ಬೇಡ, ಹಾಳೆ ಮಡಚಿಸಿ

ಟೀಚರ್, 2/3 ಮತ್ತು 4/6 ಸಮಾನವೆಂದು ತೋರಿಸಲು ನೀವು ಕರಿಹಲಗೆಯ ಮೇಲೆ ಬರೆದ ಎರಡು ವೃತ್ತಗಳ ಚಿತ್ರವನ್ನು ನೋಡಿದೆ. ಮಕ್ಕಳು 4/6 ದೊಡ್ಡದೆಂದು ಹೇಳಿದ್ದರಲ್ಲಿ ಆಶ್ಚರ್ಯವಿಲ್ಲ, ಏಕೆಂದರೆ ನಿಮ್ಮ ಎರಡನೆಯ ವೃತ್ತವೇ ದೊಡ್ಡದಾಗಿದೆ. ಪೂರ್ಣವು ಒಂದೇ ಅಳತೆಯದಾಗಿರದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ನೀರುದೋಸೆ ಮಡಚಿದಂತೆ ವೃತ್ತವನ್ನು ಅರ್ಧ, ಕಾಲು ಮಾಡುವುದು ಸುಲಭ, ಆದರೆ ಕೈಯಂದಾಜಿನಲ್ಲಿ ಮೂರು ಸಮಭಾಗ ಮಾಡಲು ಹೋಗಿ ನಾನೂ ಹಿಂದೆ ಪೇಚಿಗೆ ಸಿಲುಕಿದ್ದುಂಟು.

ಆಯತಾಕಾರದ ಹಾಳೆಯನ್ನು ಉದ್ದಕ್ಕೆ ಮೂರು ಸಮಪಟ್ಟಿಗಳಾಗಿ ಮಡಚಿಸಿ, ಬಿಡಿಸಿ, ಎರಡಕ್ಕೆ ಬಣ್ಣ ಹಚ್ಚಿಸಿ. ಅದೇ ಹಾಳೆಯನ್ನು ಅಡ್ಡಲಾಗಿ ಅರ್ಧಕ್ಕೆ ಮಡಚಿ ಬಿಡಿಸಿದರೆ ಆರು ಮನೆಗಳಲ್ಲಿ ನಾಲ್ಕಕ್ಕೆ ಬಣ್ಣವಿರುತ್ತದೆ. ಬಣ್ಣದ ಜಾಗ ಮಾತ್ರ ಎಳ್ಳಷ್ಟೂ ಬದಲಾಗಿರುವುದಿಲ್ಲ. ಬೇರೆ ಹಾಳೆಗಳಲ್ಲಿ ಅಡ್ಡಲಾಗಿ ಮೂರು ಮಾಡಿದರೆ 6/9, ನಾಲ್ಕು ಮಾಡಿದರೆ 8/12. ಅಡ್ಡಮಡಿಕೆಯು ಬಣ್ಣದ ಮನೆಯನ್ನೂ ಖಾಲಿ ಮನೆಯನ್ನೂ ಒಂದೇ ಲೆಕ್ಕದಲ್ಲಿ ಸೀಳುತ್ತದೆ. ಅಂಶ ಮತ್ತು ಛೇದ ಎರಡನ್ನೂ ಒಂದೇ ಸಂಖ್ಯೆಯಿಂದ ಗುಣಿಸುವುದಕ್ಕೆ ಕಾರಣ ಇದೇ. ಈ ಕಾರಣವನ್ನು ಮಕ್ಕಳು ತಮ್ಮ ಮಾತಿನಲ್ಲಿ ಹೇಳುವವರೆಗೆ ದಯವಿಟ್ಟು ಸೂತ್ರ ಬರೆಯಬೇಡಿ. ಸೂತ್ರ ಮೊದಲೇ ಸಿಕ್ಕಿದ ಮಗು ಹಾಳೆಯತ್ತ ನೋಡುವುದೇ ಇಲ್ಲ.

ಮೂರು ಭಾಗಕ್ಕೆ ಮಡಿಕೆಗಳು ಎರಡೇ ಎಂಬುದನ್ನು ಮರೆಯಬೇಡಿ. ಕೆಲವರು ಭಾಗದ ಬದಲು ಮಡಿಕೆಯನ್ನೇ ಎಣಿಸುತ್ತಾರೆ, ಮುಂದೆ ಸಂಖ್ಯಾರೇಖೆಯಲ್ಲೂ ಆ ಅಭ್ಯಾಸ ಕಾಡುತ್ತದೆ. ಉಡುಪಿಯ ಮಳೆಗಾಲದಲ್ಲಿ ತೆಳುಹಾಳೆ ತೇವ ಹಿಡಿದು ಸ್ಕೆಚ್ ಪೆನ್ನಿನ ಬಣ್ಣ ಹಿಂಬದಿಗೆ ಇಳಿಯುತ್ತದೆ. ಹಳೆಯ ಕ್ಯಾಲೆಂಡರಿನ ಹಿಂಬದಿ ಮತ್ತು ಕ್ಯಾಮ್ಲಿನ್ ಕ್ರಯಾನ್ ಧಾರಾಳ ಸಾಕು. ಪ್ಲಾಸ್ಟಿಕ್ ಕಿಟ್‌ಗಳಿಗೆ ಹಣ ಸುರಿಯುವುದು ನನಗಂತೂ ಒಪ್ಪಿಗೆಯಿಲ್ಲ, ಕತ್ತರಿಸಿಯೇ ಬಂದ ತುಂಡುಗಳಲ್ಲಿ ಭಾಗ ಮಾಡುವ ಕೆಲಸವೇ ಮಗುವಿಗೆ ಉಳಿಯುವುದಿಲ್ಲ.

2/3ರ ಮೇಲೂ ಕೆಳಗೂ ಒಂದೊಂದು ಕೂಡಿಸಿ 3/4 ಕೂಡ ಸಮಾನವೆಂದು ವಾದಿಸುವ ಮಕ್ಕಳಿಗೆ 24 ಸೆಂ.ಮೀ. ಉದ್ದದ ಪಟ್ಟಿಗಳನ್ನು ಕೊಡಿ. 24ನ್ನು 2, 3, 4, 6, 8, 12ರಿಂದ ಶೇಷವಿಲ್ಲದೆ ಭಾಗಿಸಬಹುದಾದ್ದರಿಂದ ಸ್ಕೇಲಿನಲ್ಲಿ ಗುರುತು ಹಾಕುವುದು ಸುಲಭ. 2/3 ಭಾಗವು 16 ಸೆಂ.ಮೀ.ಗೆ ನಿಲ್ಲುತ್ತದೆ, 3/4 ಭಾಗವು 18ಕ್ಕೆ. ಐದನೆಯ ಭಾಗಗಳಿಗೆ ಮಾತ್ರ 20 ಸೆಂ.ಮೀ. ಪಟ್ಟಿಗಳನ್ನು ಬೇರೆ ಮಾಡಿಸಿ, ಎರಡು ಅಳತೆಗಳನ್ನು ಬೆರೆಸಬೇಡಿ.

ಬಣ್ಣ ಹಚ್ಚಿದ ಹಾಳೆಗಳನ್ನು ಎಸೆಯದೆ ಇಟ್ಟುಕೊಳ್ಳಿ. ಸುಲಭ ರೂಪಕ್ಕೆ ತರುವ ಪಾಠದಲ್ಲಿ 8/12ರ ಹಾಳೆಯ ಅಡ್ಡಮಡಿಕೆಗಳನ್ನು ಬಿಟ್ಟು ಎಣಿಸಲು ಹೇಳಿದರೆ 2/3 ಮರಳಿ ಸಿಗುತ್ತದೆ.