ಓದುಗರ ಪ್ರಶ್ನೆಗಳಿಗೆ ಉತ್ತರ: ಯುದ್ಧಕಾಲದ ಕಾಮಿಕ್ಸ್ ಮತ್ತು ಮನೆಯಲ್ಲಿದ್ದ ಮಕ್ಕಳು

ಪ್ರಶ್ನೆ: ನನ್ನ ಮೊಮ್ಮಗ ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿಯಿಂದ ಕ್ಯಾಪ್ಟನ್ ಅಮೆರಿಕದ ಮೊದಲ ಸಂಚಿಕೆಯ ಮರುಮುದ್ರಣವನ್ನು ತಂದಿದ್ದಾನೆ. ಮುಖಪುಟದಲ್ಲಿ ನಾಯಕ ಹಿಟ್ಲರನ ಮುಖಕ್ಕೆ ಗುದ್ದುತ್ತಿದ್ದಾನೆ. ಇಂಥ ಪುಸ್ತಕಗಳನ್ನು ಅಮೆರಿಕದ ಸರ್ಕಾರವೇ ಹೇಳಿ ಬರೆಸುತ್ತಿತ್ತೇ?
(ನಿವೃತ್ತ ಅಧ್ಯಾಪಕರು, ಬಸವನಗುಡಿ)

ಉತ್ತರ: ಆ ಸಂಚಿಕೆಯ ಮಟ್ಟಿಗೆ ಖಂಡಿತ ಇಲ್ಲ. ಅದು ಮಾರಾಟಕ್ಕೆ ಬಂದಾಗ ಅಮೆರಿಕ ಇನ್ನೂ ಯುದ್ಧಕ್ಕೇ ಇಳಿದಿರಲಿಲ್ಲ. ಮುಖಪುಟದ ಮೇಲೆ 1941ರ ಮಾರ್ಚ್ ಎಂದಿದ್ದರೂ ಪುಸ್ತಕ ಅಂಗಡಿಗಳನ್ನು ತಲುಪಿದ್ದು 1940ರ ಡಿಸೆಂಬರಿನಲ್ಲಿ. ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡಿದ್ದು ಅದಾಗಿ ಸುಮಾರು ಒಂದು ವರ್ಷದ ನಂತರ, 1941ರ ಡಿಸೆಂಬರ್ 7ರಂದು. ಯೂರೋಪಿನ ಯುದ್ಧ ನಮಗೆ ಬೇಡವೆಂದು ವಾದಿಸುತ್ತಿದ್ದವರ ಸಂಖ್ಯೆ ಆಗ ಅಮೆರಿಕದಲ್ಲಿ ದೊಡ್ಡದಾಗಿತ್ತು. 1939ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ನಡೆದ ನಾಜಿ ಪರ ಸಭೆಗೆ ಸುಮಾರು 20,000 ಮಂದಿ ಸೇರಿದ್ದರು. ಅದೇ ನಗರದಲ್ಲಿ ಕುಳಿತು ಈ ಪುಸ್ತಕವನ್ನು ಮಾಡಿದ ಜೋ ಸೈಮನ್ ಮತ್ತು ಜ್ಯಾಕ್ ಕರ್ಬಿ ಇಬ್ಬರೂ ಯಹೂದಿ ಕುಟುಂಬಗಳ ಮಕ್ಕಳು. ಹಿಟ್ಲರನನ್ನು ಖಳನಾಯಕನಾಗಿ ಚಿತ್ರಿಸಲು ಅವರಿಗೆ ಯಾವ ಇಲಾಖೆಯ ಸುತ್ತೋಲೆಯೂ ಬೇಕಿರಲಿಲ್ಲ. ಪುಸ್ತಕ ಹೊರಬಂದ ಮೇಲೆ ಬೆದರಿಕೆಗಳು ಬಂದವು, ಕಚೇರಿಗೆ ಪೊಲೀಸ್ ಕಾವಲು ಹಾಕಬೇಕಾಯಿತು, ಮೇಯರ್ ಲಾ ಗಾರ್ಡಿಯಾ ಸ್ವತಃ ದೂರವಾಣಿ ಮಾಡಿ ಧೈರ್ಯ ಹೇಳಿದರು ಎಂದು ಸೈಮನ್ ಮುಂದೆ ನೆನಪಿಸಿಕೊಂಡಿದ್ದಾರೆ.

ಆ ಮುಖಪುಟವನ್ನು ದಯವಿಟ್ಟು ಮತ್ತೊಮ್ಮೆ ಹತ್ತಿರದಿಂದ ನೋಡಿ. ಗುದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ, ಆದರೆ ಹಿಂದಿನ ಪರದೆಯಲ್ಲಿ ಅಮೆರಿಕದ ಮದ್ದುಗುಂಡಿನ ಕಾರ್ಖಾನೆಯೊಂದನ್ನು ಒಬ್ಬ ಸ್ಫೋಟಿಸುತ್ತಿರುವ ದೃಶ್ಯವಿದೆ, ಅಮೆರಿಕದ ನಕ್ಷೆಯಿದೆ, ಆ ದೇಶದೊಳಗೆ ನಡೆಸಬೇಕಾದ ವಿಧ್ವಂಸಕ ಕೃತ್ಯಗಳ ಯೋಜನೆಯೆಂದು ಬರೆದಿರುವ ಕಾಗದವಿದೆ. ಒಳಗಿನ ಕಥೆಯಲ್ಲೂ ಶತ್ರು ಯೂರೋಪಿನ ರಣರಂಗದಲ್ಲಿಲ್ಲ; ಬಡಕಲು ಯುವಕನನ್ನು ವೀರನನ್ನಾಗಿ ಮಾಡುವ ಪ್ರಯೋಗಾಲಯದೊಳಕ್ಕೇ ನುಗ್ಗಿ ವಿಜ್ಞಾನಿಯನ್ನು ಕೊಲ್ಲುವ ಗೂಢಚಾರ ಅವನು. ಯುದ್ಧ ಸಾಗರದಾಚೆ ನಡೆಯುತ್ತಿಲ್ಲ, ನಿಮ್ಮ ಬೀದಿಗೆ ಬಂದಾಗಿದೆ ಎಂದು ಓದುವ ಹುಡುಗನಿಗೆ ಮನವರಿಕೆ ಮಾಡಿಕೊಡುವುದೇ ಆ ಪುಸ್ತಕದ ನಿಜವಾದ ಕೆಲಸವಾಗಿತ್ತು. ಹತ್ತು ಸೆಂಟು ಕಳುಹಿಸಿದ ಮಕ್ಕಳಿಗೆ 'ಸೆಂಟಿನೆಲ್ಸ್ ಆಫ್ ಲಿಬರ್ಟಿ' ಎಂಬ ಸಂಘದ ಸದಸ್ಯತ್ವದ ಚೀಟಿಯೂ ಬಿಲ್ಲೆಯೂ ಬರುತ್ತಿದ್ದವು. ಗೂಢಚಾರರ ವಿರುದ್ಧದ ಹೋರಾಟದಲ್ಲಿ ತಾವೂ ಒಬ್ಬರೆಂದು ಆ ಮಕ್ಕಳು ನಂಬಬೇಕಿತ್ತು.

ಸರ್ಕಾರದ ಕೈ ಸೇರಿದ್ದು ಆಮೇಲೆ, ಅದೂ ನೇರವಾಗಿ ಅಲ್ಲ. ಯುದ್ಧದ ಖರ್ಚಿಗೆ ಜನರಿಂದ ಸಾಲ ಪಡೆಯುವ ಯುದ್ಧಬಾಂಡುಗಳ ಪ್ರಚಾರಕ್ಕೆ ಲೇಖಕರ ನೆರವು ಬೇಕೆಂದು ಖಜಾನೆ ಇಲಾಖೆ ಕೇಳಿದ್ದರಿಂದ, ಪತ್ತೇದಾರಿ ಕಾದಂಬರಿಕಾರ ರೆಕ್ಸ್ ಸ್ಟೌಟ್ ಅವರ ಮುಂದಾಳತ್ವದಲ್ಲಿ 'ರೈಟರ್ಸ್ ವಾರ್ ಬೋರ್ಡ್' ಎಂಬ ಲೇಖಕರ ಮಂಡಳಿ ರೂಪುಗೊಂಡಿತು. ಹೆಸರಿಗೆ ಅದು ಖಾಸಗಿ ಸಂಸ್ಥೆಯಾದರೂ ಅದಕ್ಕೆ ಸರ್ಕಾರದ ಯುದ್ಧ ಮಾಹಿತಿ ಕಚೇರಿಯ ಹಣ ಬರುತ್ತಿತ್ತು. 1943ರಲ್ಲಿ ಈ ಮಂಡಳಿ ಕಾಮಿಕ್ಸ್‌ಗೆಂದೇ ಒಂದು ಸಮಿತಿಯನ್ನು ಮಾಡಿ, ಪ್ರಕಾಶಕರೊಂದಿಗೆ ಕೂತು ಕಥೆಗಳ ದಿಕ್ಕನ್ನು ಚರ್ಚಿಸತೊಡಗಿತು. ಕಥೆಯ ಮೇಲೆ ಸರ್ಕಾರದ ಮುದ್ರೆ ಇರಲಿಲ್ಲ; ಹಾಗಿರದಿದ್ದುದರಿಂದಲೇ ಓದುಗರು ಅದನ್ನು ಬರಿಯ ಕಥೆಯೆಂದು ಓದಿದರು. ನನ್ನ ದೃಷ್ಟಿಯಲ್ಲಿ, ಬಲವಂತದ ಪ್ರಚಾರಕ್ಕಿಂತ ಹೀಗೆ ಬರೆಯುವವರ ಸ್ವಂತ ನಂಬಿಕೆಯ ಮೇಲೆ ಸವಾರಿ ಮಾಡುವ ಪ್ರಚಾರವೇ ಹೆಚ್ಚು ಆಳಕ್ಕೆ ಇಳಿಯುತ್ತದೆ.

ಪ್ರಶ್ನೆ: ಯುದ್ಧಕ್ಕೆ ಹೋಗಲಾರದ ಮಕ್ಕಳಿಂದ ಆ ಪುಸ್ತಕಗಳು ನಿಜವಾಗಿ ಏನನ್ನು ಬಯಸುತ್ತಿದ್ದವು?
(ಗೃಹಿಣಿ, ಮಲ್ಲೇಶ್ವರ)

ಉತ್ತರ: ಮೊದಲನೆಯದಾಗಿ ಹಣವನ್ನು. ಒಂದು ಕಾಮಿಕ್ ಪುಸ್ತಕದ ಬೆಲೆ ಹತ್ತು ಸೆಂಟು. ಅತಿ ಅಗ್ಗದ ಯುದ್ಧ ಸ್ಟಾಂಪಿನ ಬೆಲೆಯೂ ಹತ್ತು ಸೆಂಟು. ಮಗುವಿನ ಜೇಬಿನಲ್ಲಿದ್ದ ಒಂದೇ ನಾಣ್ಯಕ್ಕೆ ಎರಡು ಆಸೆಗಳು ಎದುರುಬದುರಾಗಿ ನಿಂತಿದ್ದವು, ಮತ್ತು ಮೊದಲನೆಯದನ್ನು ಕೊಂಡವನಿಗೆ ಮುಂದಿನ ನಾಣ್ಯವನ್ನು ಎರಡನೆಯದಕ್ಕೆ ಕೊಡು ಎಂದು ಆ ಪುಸ್ತಕದ ಮುಖಪುಟವೇ ಹೇಳುತ್ತಿತ್ತು. ಸ್ಟಾಂಪುಗಳನ್ನು ಒಂದು ಪುಸ್ತಕದಲ್ಲಿ ಅಂಟಿಸುತ್ತಾ ಹೋಗಬೇಕು. 18 ಡಾಲರ್ 75 ಸೆಂಟು ತುಂಬಿದಾಗ ಅದನ್ನು ಬಾಂಡಿಗೆ ಬದಲಾಯಿಸಿಕೊಳ್ಳಬಹುದು. ಆ ಬಾಂಡು ಹತ್ತು ವರ್ಷಕ್ಕೆ 25 ಡಾಲರ್ ಆಗುತ್ತದೆ. ಹಾಗೆ ಕೊಡುವ ಹಣ ದಾನವಲ್ಲ, ಸರ್ಕಾರಕ್ಕೆ ಕೊಟ್ಟ ಸಾಲ. 1943ರ ಬ್ಯಾಟ್‌ಮನ್ 17ನೆಯ ಸಂಚಿಕೆಯ ಮುಖಪುಟದಲ್ಲಿ ಬ್ಯಾಟ್‌ಮನ್ ಮತ್ತು ರಾಬಿನ್ ದೊಡ್ಡ ಹದ್ದಿನ ಬೆನ್ನೇರಿ ಹಾರುತ್ತಾ ಬಾಂಡು, ಸ್ಟಾಂಪು ಕೊಳ್ಳಿರೆಂದು ಕರೆ ಕೊಡುತ್ತಾರೆ. ಒಳಗಿನ ಕಥೆಗೂ ಆ ಚಿತ್ರಕ್ಕೂ ಸಂಬಂಧವೇ ಇರಬೇಕೆಂದಿರಲಿಲ್ಲ. ಅಂಗಡಿಯ ಮುಂದೆ ನಿಂತವನು ಪುಸ್ತಕವನ್ನು ಕೊಳ್ಳದೆ ಹೋದರೂ ಮುಖಪುಟ ತನ್ನ ಕೆಲಸ ಮುಗಿಸಿರುತ್ತಿತ್ತು.

ಎರಡನೆಯದು ರದ್ದಿ. ಲೋಹ, ರಬ್ಬರ್, ಕಾಗದ ಎಲ್ಲವನ್ನೂ ಮಕ್ಕಳು ಮನೆಮನೆ ತಿರುಗಿ ಸಂಗ್ರಹಿಸಬೇಕಿತ್ತು. ಪತ್ರಿಕೆಗಳಲ್ಲಿ ಬರುತ್ತಿದ್ದ 'ಲಿಟಲ್ ಆರ್ಫನ್ ಆ್ಯನಿ' ಎಂಬ ಚಿತ್ರಮಾಲಿಕೆಯ ಹುಡುಗಿ 1942ರಲ್ಲಿ 'ಜೂನಿಯರ್ ಕಮಾಂಡೋ' ಎಂಬ ಮಕ್ಕಳ ಪಡೆ ಕಟ್ಟಿದಾಗ, ಅದನ್ನು ಓದಿದ ನಿಜವಾದ ಮಕ್ಕಳೂ ತಮ್ಮೂರುಗಳಲ್ಲಿ ಅಂಥ ಪಡೆಗಳನ್ನು ಕಟ್ಟಿಕೊಂಡು ಗುಜರಿ ಸಂಗ್ರಹಕ್ಕೆ ಇಳಿದರು. ಕಾಗದದ ಸಂಗ್ರಹಕ್ಕೆ ಮಕ್ಕಳು ತಮ್ಮ ಕಾಮಿಕ್ಸ್‌ಗಳನ್ನೂ ಕೊಟ್ಟರು. ಆ ಕಾಲದ ಸಂಚಿಕೆಗಳು ಇಂದು ಅಷ್ಟು ಅಪರೂಪವಾಗಿರುವುದಕ್ಕೆ ಇದೂ ಒಂದು ಮುಖ್ಯ ಕಾರಣ. ಕಾಗದದ ಮೇಲೆ ನಿಯಂತ್ರಣ ಬಂದದ್ದರಿಂದ ಪ್ರಕಾಶಕರೂ ಪುಟಗಳನ್ನು ಕಡಿತಗೊಳಿಸಬೇಕಾಯಿತು.

ಪ್ರಶ್ನೆ: ಸೂಪರ್‌ಮ್ಯಾನ್ ಒಂದೇ ದಿನದಲ್ಲಿ ಯುದ್ಧ ಮುಗಿಸಬಹುದಿತ್ತಲ್ಲವೇ? ಬರೆದವರು ಇದನ್ನು ಹೇಗೆ ಸಂಭಾಳಿಸಿದರು?
(ಪಿ.ಯು.ಸಿ. ವಿದ್ಯಾರ್ಥಿ, ವಿಜಯನಗರ)

ಉತ್ತರ: ಒಮ್ಮೆ ಮುಗಿಸಿಯೂ ಇದ್ದನು. 1940ರ ಫೆಬ್ರವರಿಯಲ್ಲಿ 'ಲುಕ್' ಪತ್ರಿಕೆಗಾಗಿ ಅವನ ಸೃಷ್ಟಿಕರ್ತರಾದ ಸೀಗಲ್ ಮತ್ತು ಶುಸ್ಟರ್ ಮಾಡಿದ ಎರಡು ಪುಟಗಳ ಕಥೆಯಲ್ಲಿ ಅವನು ಹಿಟ್ಲರ್ ಮತ್ತು ಸ್ಟಾಲಿನ್ ಇಬ್ಬರನ್ನೂ ಎತ್ತಿಕೊಂಡು ಹೋಗಿ ಆಗಿನ ರಾಷ್ಟ್ರಗಳ ಒಕ್ಕೂಟವಾದ ಲೀಗ್ ಆಫ್ ನೇಷನ್ಸ್ ಮುಂದೆ ನಿಲ್ಲಿಸುತ್ತಾನೆ. ಅದೇ ಏಪ್ರಿಲ್‌ನಲ್ಲಿ ನಾಜಿ ಎಸ್.ಎಸ್. ಪಡೆಯ ವಾರಪತ್ರಿಕೆ ಸೀಗಲ್ ಅವರನ್ನು ಯಹೂದಿಯೆಂದು ಹೀಯಾಳಿಸಿ ಲೇಖನ ಬರೆಯಿತು. ಆದರೆ ಅಮೆರಿಕ ಯುದ್ಧಕ್ಕಿಳಿದು ನಿಜವಾದ ಸೈನಿಕರು ಸಾಯತೊಡಗಿದ ಮೇಲೆ ಅಂಥ ಕಥೆಯನ್ನು ಬರೆಯುವುದು ಅವರ ತ್ಯಾಗಕ್ಕೆ ಅವಮಾನವಾಗುತ್ತಿತ್ತು. ಹಾಗಾಗಿ 1942ರ ದಿನಪತ್ರಿಕೆಯ ಮಾಲಿಕೆಯಲ್ಲಿ ಸೇನೆಗೆ ಸೇರಲು ಹೋದ ಕ್ಲಾರ್ಕ್ ಕೆಂಟ್ (ಸಾಮಾನ್ಯ ಮನುಷ್ಯನ ವೇಷದ ಸೂಪರ್‌ಮ್ಯಾನ್), ಉತ್ಸಾಹದಲ್ಲಿ ಗೋಡೆಯಾಚೆಗಿನ ಕೋಣೆಯ ಅಕ್ಷರಗಳನ್ನು ಓದಿಬಿಟ್ಟು ಕಣ್ಣಿನ ಪರೀಕ್ಷೆಯಲ್ಲಿ ಅನುತ್ತೀರ್ಣನಾಗುತ್ತಾನೆ. ಅಲ್ಲಿಂದ ಮುಂದೆ ಅವನ ಜಾಗ ಮನೆಮಂದಿಯ ನಡುವೆ.

ಪ್ರಶ್ನೆ: ಎದುರು ಪಕ್ಷದಲ್ಲಿ, ಅಂದರೆ ಜಪಾನಿನಲ್ಲಿ, ಇಂಥದ್ದು ನಡೆಯಲಿಲ್ಲವೇ? ನಾವು ಇಂದ್ರಜಾಲ ಕಾಮಿಕ್ಸ್‌ನಲ್ಲಿ ಓದಿದ ಫ್ಯಾಂಟಮ್‌ನೂ ಯುದ್ಧಕ್ಕಿಳಿದಿದ್ದನೇ?
(ಬ್ಯಾಂಕ್ ಉದ್ಯೋಗಿ, ಜಯನಗರ)

ಉತ್ತರ: ಎರಡಕ್ಕೂ ಉತ್ತರ ಹೌದು. ಜಪಾನಿನಲ್ಲಿ ತಗಾವಾ ಸುಯ್ಹೋ ಅವರ 'ನೊರಕುರೊ' ಎಂಬ ಮಾಲಿಕೆ 1931ರಿಂದ 1941ರವರೆಗೆ ಮಕ್ಕಳ ಪತ್ರಿಕೆಯಲ್ಲಿ ಬಂತು; ನಾಯಿಗಳ ಸೇನೆಗೆ ಸೇರಿದ ಬೀದಿನಾಯಿಯೊಂದು ಮೆಟ್ಟಿಲು ಮೆಟ್ಟಿಲಾಗಿ ಬಡ್ತಿ ಪಡೆಯುವ ಕಥೆ ಅದು. ಅದಕ್ಕಿಂತ ಪ್ರಭಾವಶಾಲಿಯಾಗಿದ್ದುದು ಕಮಿಶಿಬಾಯ್. ಮರದ ಚೌಕಟ್ಟಿನಲ್ಲಿ ಚಿತ್ರದ ಹಾಳೆಗಳನ್ನು ಒಂದೊಂದಾಗಿ ಸರಿಸುತ್ತಾ ಬೀದಿಯಲ್ಲಿ ಕಥೆ ಹೇಳುವ ಈ ಕಲೆಯನ್ನು ಯುದ್ಧಕಾಲದ ಸರ್ಕಾರ ನೆರೆಹೊರೆಯ ಸಭೆಗಳಿಗೂ ಕಾರ್ಖಾನೆಗಳಿಗೂ ಒಯ್ದು, ಮಿತವ್ಯಯ, ಉಳಿತಾಯ, ವಾಯುದಾಳಿಯ ಎಚ್ಚರಿಕೆ, ಮಗನನ್ನು ಯುದ್ಧಕ್ಕೆ ಕಳುಹಿಸುವ ತಾಯಿಯ ಹೆಮ್ಮೆ ಇವುಗಳನ್ನು ಅದರ ಮೂಲಕ ಸಾರಿತು. ಅಮೆರಿಕದ ಹುಡುಗ ತನ್ನ ಪುಸ್ತಕವನ್ನು ಒಬ್ಬನೇ ಓದುತ್ತಿದ್ದ. ಕಮಿಶಿಬಾಯ್ ನೋಡುವ ಮಗುವಿನ ಸುತ್ತ ಇಡೀ ಬೀದಿ ನೆರೆದಿರುತ್ತಿತ್ತು. ಒಲ್ಲೆನೆನ್ನಲು ಅಲ್ಲಿ ಎಡೆಯೇ ಇರಲಿಲ್ಲ.

ಫ್ಯಾಂಟಮ್ 1942ರಲ್ಲಿ ತನ್ನ ಕಾಡಿಗೆ ನುಗ್ಗಿದ ಜಪಾನೀ ಸೇನೆಯ ವಿರುದ್ಧ ಹೋರಾಡಿದ. ಅವನ ಕರ್ತೃ ಲೀ ಫಾಕ್ ಕೂಡ ಯುದ್ಧಕಾಲದಲ್ಲಿ ಅದೇ ಯುದ್ಧ ಮಾಹಿತಿ ಕಚೇರಿಗಾಗಿ ಕೆಲಸ ಮಾಡಿದವರು.

ಪ್ರಶ್ನೆ: ಮಗಳಿಗಾಗಿ ಇಂಥ ಹಳೆಯ ಸಂಚಿಕೆಗಳನ್ನು ಅಂತರ್ಜಾಲದಿಂದ ಇಳಿಸಿಕೊಂಡೆ. ಜಪಾನಿನವರ ಮುಖಗಳನ್ನು ಕಂಡು ಗಾಬರಿಯಾಯಿತು. ಇವುಗಳನ್ನು ಮಕ್ಕಳ ಕೈಗೆ ಕೊಡಬಹುದೇ?
(ಶಾಲಾ ಶಿಕ್ಷಕಿ, ಯಲಹಂಕ)

ಉತ್ತರ: ನಿಮ್ಮ ಗಾಬರಿ ಸಹಜವಾದದ್ದು, ಅದನ್ನು ಕಡಿಮೆ ಮಾಡುವ ಉದ್ದೇಶ ನನಗಿಲ್ಲ. ಆ ಪುಟಗಳಲ್ಲಿ ಜರ್ಮನ್ ಖಳ ಎಷ್ಟೇ ಕ್ರೂರಿಯಾದರೂ ಮನುಷ್ಯನ ಮುಖವನ್ನು ಉಳಿಸಿಕೊಂಡಿರುತ್ತಾನೆ. ಅನೇಕ ಕಥೆಗಳಲ್ಲಿ ನಾಜಿಗಳನ್ನು ವಿರೋಧಿಸುವ ಒಳ್ಳೆಯ ಜರ್ಮನ್ನನೂ ಇರುತ್ತಾನೆ. ಜಪಾನಿನವನಿಗೆ ಕೋರೆಹಲ್ಲು, ಉಗುರು, ಹಳದಿ ಬಣ್ಣದ ಚರ್ಮ. ಹೆಸರೂ ಇಲ್ಲ, ಗುಂಪಾಗಿಯೇ ಬರುತ್ತಾನೆ. 1943ರ ಆ್ಯಕ್ಷನ್ ಕಾಮಿಕ್ಸ್ 58ನೆಯ ಸಂಚಿಕೆಯ ಮುಖಪುಟದಲ್ಲಿ ಸೂಪರ್‌ಮ್ಯಾನ್ ಮುದ್ರಣಯಂತ್ರದ ಮುಂದೆ ನಿಂತು ಭಿತ್ತಿಪತ್ರಗಳನ್ನು ಅಚ್ಚುಹಾಕುತ್ತಿದ್ದಾನೆ. ಬಾಂಡು ಮತ್ತು ಸ್ಟಾಂಪುಗಳಿಂದ ಜಪಾನಿನವನ ಕೆನ್ನೆಗೆ ಬಾರಿಸಬಹುದು ಎಂಬ ಆ ಪತ್ರದ ಘೋಷಣೆಯಲ್ಲಿ ಇಡೀ ಜನಾಂಗಕ್ಕೆ ಬಳಸುತ್ತಿದ್ದ ಬೈಗುಳವೇ ಇದೆ. ಆ ಸಂಚಿಕೆ ಹೊರಬರುವ ಹೊತ್ತಿಗೆ, 1942ರ ಫೆಬ್ರವರಿ 19ರ ಅಧ್ಯಕ್ಷೀಯ ಆದೇಶದ ಫಲವಾಗಿ ಪಶ್ಚಿಮ ಕರಾವಳಿಯ ಸುಮಾರು 1,20,000 ಜಪಾನೀ ಮೂಲದ ಜನ ಶಿಬಿರಗಳಲ್ಲಿದ್ದರು, ಮತ್ತು ಅವರಲ್ಲಿ ಹೆಚ್ಚಿನವರು ಅಮೆರಿಕದ ನಾಗರಿಕರೇ ಆಗಿದ್ದರು. ನೆರೆಮನೆಯವರನ್ನು ಹೀಗೆ ಸಾಗಿಸಿದಾಗ ಓದುವ ಮಗುವಿಗೆ ಅದು ಅನ್ಯಾಯವೆಂದು ತೋರದಂತೆ ಈ ಮುಖಗಳು ಮೊದಲೇ ಹದಮಾಡಿದ್ದವು.

ಲೇಖಕರ ಮಂಡಳಿ ಇದನ್ನು ತಿದ್ದಿತೇ ಎಂದರೆ, ಒಂದು ಕಡೆ ತಿದ್ದಿತು, ಇನ್ನೊಂದು ಕಡೆ ಕೆಡಿಸಿತು. ಕಪ್ಪು ವರ್ಣದ ವಿಮಾನಚಾಲಕರನ್ನು ಗೌರವದಿಂದ ಚಿತ್ರಿಸುವ ಕಥೆಯನ್ನು ಅದು ಬರೆಸಿತು. ಆದರೆ ಯುದ್ಧ ಮುಗಿಯುತ್ತಾ ಬಂದಂತೆ, ತಪ್ಪು ನಾಜಿಗಳದ್ದಷ್ಟೇ ಅಲ್ಲ, ಜರ್ಮನ್ ಜನರದ್ದೇ ಎಂಬ ಕಠಿಣ ನಿಲುವನ್ನೂ ಅದು ಮುಂದೊತ್ತಿತು. 1945ರ ಆಲ್ ಸ್ಟಾರ್ ಕಾಮಿಕ್ಸ್ 24ನೆಯ ಸಂಚಿಕೆಯಲ್ಲಿ ಜರ್ಮನ್ನರು ಶತಮಾನಗಳಿಂದಲೂ ಆಕ್ರಮಣಕಾರರೇ ಎಂದು ಒಬ್ಬ ತರುಣನಿಗೆ ಇತಿಹಾಸದುದ್ದಕ್ಕೂ ತೋರಿಸಿಕೊಡಲಾಗುತ್ತದೆ. ಹಿಟ್ಲರನ ವಿರುದ್ಧ ನಿಂತ ಆ ಮೊದಲ ಧೈರ್ಯವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಅದೇ ಮಸಿಯಿಂದ ಒಂದಿಡೀ ಜನಾಂಗವನ್ನು ಹೀಗೆ ಬರೆದದ್ದನ್ನು ಒಪ್ಪಲಾರೆ.

ಹತ್ತು ವರ್ಷ ದಾಟಿರದ ಮಗುವಾದರೆ ಈಗಲೇ ಬೇಡ. ದೊಡ್ಡವಳಾಗಿದ್ದರೆ ಕೊಡಿ, ಆದರೆ ಒಬ್ಬಳೇ ಓದಲು ಬಿಡದೆ ಜೊತೆಗೆ ಕೂರಿ. ಮೊದಲು ಕ್ಯಾಪ್ಟನ್ ಅಮೆರಿಕದ ಮೊದಲ ಸಂಚಿಕೆ, ಆಮೇಲೆ 1943ರ ಸುಮಾರಿನ ಯಾವುದಾದರೂ ಒಂದು ಸಂಚಿಕೆ ಇರಲಿ. ಎರಡರಲ್ಲೂ ಶತ್ರುವಿಗೆ ಹೆಸರಿದೆಯೇ, ಅವನಿಗೆ ಮಾತು ಕೊಟ್ಟಿದ್ದಾರೆಯೇ, ಅವನ ಕಡೆಯಲ್ಲಿ ಒಬ್ಬನಾದರೂ ಒಳ್ಳೆಯವನಿದ್ದಾನೆಯೇ ಎಂದು ಅವಳಿಂದಲೇ ಹುಡುಕಿಸಿ. ನೋವುಂಟುಮಾಡುವ ಪುಟಗಳನ್ನು ಮರೆಮಾಡಿ ಉಳಿದದ್ದನ್ನು ಮಾತ್ರ ಕೊಡುವ ವಿಧಾನ ನನಗೆ ಸರಿಕಾಣುವುದಿಲ್ಲ; ಹಾಗೆ ಮಾಡಿದರೆ ಅವಳ ಕೈಯಲ್ಲಿ ಉಳಿಯುವುದು ಸಾಹಸದ ಕಥೆ ಮಾತ್ರ.