ಎಕರೆಗೆ ನೂರು ರೂಪಾಯಿ: ಇದು ಯಾವ ಲೆಕ್ಕ?

ತುಂಗಭದ್ರೆಯ ಕಾಲುವೆ ನೀರಿಗೆ ಲೀಟರಿಗೆ ಎಷ್ಟು ಕೊಡುತ್ತೀರಿ ಎಂದು ಕೇಳಿದ್ದೀರಿ. ಬೆಂಗಳೂರಿನ ನಲ್ಲಿಯ ಮುಂದೆ ನಿಂತವರಿಗೆ ಸಹಜವಾಗಿ ಬರುವ ಪ್ರಶ್ನೆ. ನಮ್ಮ ತೂಬಿಗೆ ಮೀಟರ್ ಇಲ್ಲ. ಇಲ್ಲಿ ಕರ ನಿಂತಿರುವುದು ಎಷ್ಟು ಎಕರೆಯಲ್ಲಿ ಯಾವ ಬೆಳೆ ಹಾಕಿದ್ದೀರಿ ಎಂಬುದರ ಮೇಲೆ.

ನಾನಿರುವುದು ರಾಯಚೂರು ಜಿಲ್ಲೆಯ ಅಂಚಿನಲ್ಲಿ. ನದಿ ದಾಟಿದರೆ ಆಂಧ್ರ. ನಾವು ನೀರಿನ ಕರ ಎನ್ನುವುದನ್ನು ಅವರು ‘ನೀಟಿ ತೀರುವ’ ಎನ್ನುತ್ತಾರೆ. 2000ದಲ್ಲಿ ಪರಿಷ್ಕರಿಸಿದ ನಮ್ಮ ದರಪಟ್ಟಿಯಲ್ಲಿ ಎಕರೆ ಭತ್ತಕ್ಕೆ 100 ರೂಪಾಯಿ, ಕಬ್ಬಿಗೆ 400, ಹತ್ತಿ, ಶೇಂಗಾಕ್ಕೆ 60, ಜೋಳಕ್ಕೆ 35. ಆಂಧ್ರದವರು 1996ರಲ್ಲೇ ಭತ್ತಕ್ಕೆ 200 ಮಾಡಿದ್ದರು. ಅದೇ ಅಣೆಕಟ್ಟು, ಅದೇ ನೀರು, ಆಚೆ ದಡಕ್ಕೆ ಹೋದರೆ ಎರಡು ಪಟ್ಟು! ನೀರು ಒದಗಿಸುವ ಖರ್ಚು ನೋಡಿ ದರ ಕಟ್ಟಿದ್ದರೆ ಇಷ್ಟು ಅಂತರ ಹೇಗೆ ಬರುತ್ತಿತ್ತು?

ನಿಮ್ಮ ಲೀಟರಿನ ಲೆಕ್ಕವನ್ನೂ ಮಾಡಿಬಿಡೋಣ. ಒಂದು ಬೆಳೆ ಭತ್ತಕ್ಕೆ ಗದ್ದೆಯಲ್ಲಿ ಸುಮಾರು 1,200 ಮಿಲಿಮೀಟರ್ ನೀರು ಹಿಡಿದರೆ ಎಕರೆಗೆ ಹತ್ತಿರಹತ್ತಿರ 50 ಲಕ್ಷ ಲೀಟರ್ ಆಗುತ್ತದೆ. ಅದಕ್ಕೆ ನೂರು ರೂಪಾಯಿ ಎಂದರೆ ಸಾವಿರ ಲೀಟರಿಗೆ ಎರಡು ಪೈಸೆ.

ಅಣೆಕಟ್ಟು ಕಟ್ಟಿದ ಹಣ ಈ ದರದೊಳಗೆ ಬರುವುದೇ ಇಲ್ಲ. ಹೈದರಾಬಾದ್ ಸಂಸ್ಥಾನ ಮತ್ತು ಮದ್ರಾಸ್ ಪ್ರಾಂತ್ಯ 1945ರಲ್ಲಿ ಕೆಲಸ ಶುರು ಮಾಡಿದವು. 1953ರಲ್ಲಿ ತುಂಗಭದ್ರಾ ಮಂಡಳಿ ಆಯಿತು. ಅದು ನೋಡಿಕೊಳ್ಳುವ ಅಣೆಕಟ್ಟಿನ ಖರ್ಚನ್ನು ರಾಜ್ಯಗಳು ಹಂಚಿಕೊಳ್ಳುತ್ತವೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟು ಕೊಚ್ಚಿಹೋದಾಗಲೂ ಗೇಟಿನ ದುಡ್ಡು ಕೊಡಿ ಎಂದು ಯಾರೂ ನಮ್ಮ ಬಾಗಿಲಿಗೆ ಬರಲಿಲ್ಲ. ನೀರಾವರಿಯಿಂದ ಭೂಮಿಯ ಬೆಲೆ ಏರಿದ್ದಕ್ಕೆ ವಂತಿಗೆ ವಸೂಲಿ ಮಾಡಲು 1957ರಲ್ಲಿ ಕಾನೂನೇನೋ ಆಗಿತ್ತು. ಅದನ್ನು ಕಟ್ಟಿದವರನ್ನು ನಾನು ಕಂಡಿಲ್ಲ.

ಉಳಿದದ್ದು ನಿರ್ವಹಣೆಯ ಖರ್ಚು: ಹೂಳು, ದುರಸ್ತಿ, ಸಂಬಳ. 1972ರ ನೀರಾವರಿ ಆಯೋಗ ಆಹಾರ ಬೆಳೆಯ ಒಟ್ಟು ಆದಾಯದಲ್ಲಿ ಶೇ 5, ವಾಣಿಜ್ಯ ಬೆಳೆಯಲ್ಲಿ ಶೇ 12 ತೆಗೆದುಕೊಳ್ಳಿ ಎಂದಿತು. 1992ರಲ್ಲಿ ನೀರಾವರಿ ದರದ ಬಗ್ಗೆ ವರದಿ ಕೊಟ್ಟ ವೈದ್ಯನಾಥನ್ ಸಮಿತಿ, ನಿರ್ವಹಣೆಯ ಪೂರ್ತಿ ಖರ್ಚಿನ ಜೊತೆಗೆ ಬಂಡವಾಳದ ಶೇ 1ರಷ್ಟಾದರೂ ಬರಲಿ ಎಂದಿತು. ವರದಿಗಳು ಕಪಾಟು ಸೇರಿದವು. ದರ ಏರಿಸುವ ಕೆಲಸ ಎಂಜಿನಿಯರರದ್ದಲ್ಲ, ಚುನಾವಣೆ ಎದುರಿಸುವವರದ್ದು.

ಲಾಭ ನೋಡಿಯೇ ನೀರು ಮಾರಲು ಹೊರಟವರೂ ಇದೇ ನದಿಯ ಮೇಲೆ ಇದ್ದರು. 1860ರ ದಶಕದಲ್ಲಿ ಮದ್ರಾಸ್ ನೀರಾವರಿ ಕಂಪನಿ ನಮ್ಮ ಕೆಳಗೆ, ಸುಂಕೇಸುಲದಿಂದ ಕರ್ನೂಲು–ಕಡಪ ಕಾಲುವೆ ತೋಡಿತು. ಬಂಡವಾಳಕ್ಕೆ ಶೇ 5 ಬಡ್ಡಿಯ ಭರವಸೆ ಸರ್ಕಾರದ್ದು. ಎರೆ ಹೊಲದ ರೈತನಿಗೆ ಒಳ್ಳೆಯ ಮಳೆಯಾದ ವರ್ಷ ಕಾಲುವೆ ನೀರು ಏಕೆ ಬೇಕು? ಅವನು ಕೊಳ್ಳಲಿಲ್ಲ. 1882ರಲ್ಲಿ ಸರ್ಕಾರವೇ ಕಾಲುವೆಯನ್ನು ಕೊಂಡುಕೊಂಡಿತು.

ನನ್ನ ತಕರಾರು ದರ ಕಡಿಮೆ ಎಂದಲ್ಲ, ಹೆಚ್ಚು ಎಂದೂ ಅಲ್ಲ. ಎಡದಂಡೆ ಕಾಲುವೆಯ ಅಚ್ಚುಕಟ್ಟು ಬಹುಪಾಲು ಜೋಳ, ಹತ್ತಿ, ಶೇಂಗಾದಂಥ ಅರೆನೀರಾವರಿ ಬೆಳೆಗೆಂದು ಗೊತ್ತುಮಾಡಿದ್ದು. ಮೇಲ್ಭಾಗದಲ್ಲಿ ಭತ್ತ ಹಬ್ಬಿತು. ಎಕರೆಗೆ ನೂರು ಕಟ್ಟಿದವನು ಎಷ್ಟು ನೀರು ನಿಲ್ಲಿಸಿದರೂ ದರ ನೂರೇ. ಹಾಗಿರುವಾಗ ರಾತ್ರಿ ಎದ್ದು ತೂಬು ಇಳಿಸುವ ದರ್ದು ಅವನಿಗೇನು?

ನಮ್ಮ ಹೊಲ ಉಪಕಾಲುವೆಯ ಕೊನೆಯಲ್ಲಿದೆ. ಒಂದು ವರ್ಷ ಬೆಳೆ ಬರೆದುಕೊಳ್ಳಲು ಬಂದ ನೌಕರ ಬೇವಿನ ನೆರಳಿನಲ್ಲಿ ಕೂತು ನಮ್ಮ ಸರ್ವೆ ನಂಬರಿನ ಮುಂದೆ ‘ಹತ್ತಿ, ನೀರಾವರಿ’ ಎಂದು ಬರೆದ. ಹೊಲಗಾಲುವೆಯಲ್ಲಿ ಸೊಂಟದೆತ್ತರ ಜಾಲಿ ಬೆಳೆದಿತ್ತು.

“ಒಮ್ಮೆ ಎದ್ದು ಅಲ್ಲಿ ನೋಡಿರಿ, ಸಾಹೇಬರೇ” ಎಂದೆ.

ಎದ್ದ, ನೋಡಿದ, ಒಂದು ಜಾಲಿಮುಳ್ಳು ಮುರಿದು ಹಲ್ಲಿನ ಸಂದಿಗೆ ಹಾಕಿಕೊಂಡ. “ನಕ್ಷೆಯಲ್ಲಿ ಕಾಲುವೆ ಇದೆಯಲ್ಲ, ಯಜಮಾನರೇ” ಎಂದು ಪುಸ್ತಕ ಮಡಚಿದ.