ಏಪ್ರಿಲ್ 15ರವರೆಗೆ ಅಪ್ಪನಿಗೆ ಏನು ಹೇಳುವುದು?

ಅಮೆರಿಕದಲ್ಲಿ ಪಿಎಚ್‌ಡಿಗೆ ಒಂದು ಕಡೆ ಸೀಟು ಸಿಕ್ಕಿದೆ, ಫಂಡಿಂಗ್ (ಫೀಸಿಗೂ ಖರ್ಚಿಗೂ ವಿಶ್ವವಿದ್ಯಾಲಯ ಕೊಡುವ ನೆರವು) ಸುದ್ದಿಯೇ ಇಲ್ಲ, ಅಪ್ಪ ದಿನಾ "ಏನಾಯ್ತು?" ಅಂತಾರೆ, ಏನು ಹೇಳಲಿ ಅಂತ ಕೇಳಿದ್ದೀರಿ.

ನಮ್ಮನೆಯಲ್ಲೂ ಇದೇ ಕಥೆ ಆಗಿತ್ತು. ಸಂಜೆ ಕಾಫಿ ಲೋಟ ಕೈಗೆ ಕೊಡುವಾಗಲೇ ಅಮ್ಮನ ಪ್ರಶ್ನೆ ಶುರು. ಕೊನೆಗೆ ಒಂದು ದಿನ, ಅಮ್ಮ ಹಾಲಿನ ಲೆಕ್ಕ ಗೀಚುವ ಕ್ಯಾಲೆಂಡರಿನಲ್ಲಿ ಏಪ್ರಿಲ್ 15ಕ್ಕೆ ಕೆಂಪು ಪೆನ್ನಲ್ಲಿ ಸುತ್ತು ಹಾಕಿದೆ. "ಅಲ್ಲಿವರೆಗೆ ಕೇಳಬೇಡಿ, ಸುದ್ದಿ ಬಂದರೆ ನಾನೇ ಹೇಳ್ತೀನಿ" ಅಂದೆ. ಆ ತಾರೀಖು ಸುಮ್ನೆ ಆರಿಸಿದ್ದಲ್ಲ. ಅಮೆರಿಕದ ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್ ಎಂಬ ವಿಶ್ವವಿದ್ಯಾಲಯಗಳ ಸಂಘಟನೆಯ ಒಪ್ಪಂದಕ್ಕೆ ಸಹಿ ಹಾಕಿದ ವಿಶ್ವವಿದ್ಯಾಲಯಗಳು, ಯಾರಿಗೆ ಫಂಡಿಂಗ್ ಕೊಡುತ್ತೇವೆ ಎಂದಿವೆಯೋ ಆ ವಿದ್ಯಾರ್ಥಿಗಳನ್ನು ಏಪ್ರಿಲ್ 15ಕ್ಕೆ ಮೊದಲೇ ಉತ್ತರ ಕೊಡಿ ಅಂತ ಒತ್ತಾಯಿಸುವಂತಿಲ್ಲ. ಹಾಗಾಗಿ ಬೇರೆಯವರು ಬೇಡ ಅಂದ ಜಾಗ ಎಷ್ಟೋ ಸಲ ಕೊನೇ ವಾರದಲ್ಲಿ ಖಾಲಿಯಾಗುತ್ತದೆ, ಕೆಲವೊಮ್ಮೆ ಆಮೇಲೂ.

ಅಪ್ಪನಿಗೆ ದುಡ್ಡಿನ ವಿಷಯ ಬಿಡಿಸಿ ಹೇಳಿ. ನಮ್ಮಪ್ಪ "ಸೀಟು ಸಿಕ್ತಲ್ಲ, ಸೈಟು ಅಡ ಇಟ್ಟರಾಯ್ತು" ಅಂದಿದ್ದರು! ಟಿಎ (ಪಾಠಕ್ಕೆ ಸಹಾಯಕ) ಅಥವಾ ಆರ್‌ಎ (ಸಂಶೋಧನೆಗೆ ಸಹಾಯಕ) ಕೆಲಸ ಸಿಕ್ಕರೆ ಸಾಮಾನ್ಯವಾಗಿ ಫೀಸು ಮಾಫಿ, ತಿಂಗಳ ಖರ್ಚಿಗೂ ಸಂಬಳ. ಅದಿಲ್ಲದಿದ್ದರೆ ವೀಸಾಕ್ಕೆ ಬೇಕಾದ, ವಿಶ್ವವಿದ್ಯಾಲಯ ಕೊಡುವ ಐ-20 ಎಂಬ ಪತ್ರ ಪಡೆಯಲು ಮೊದಲ ವರ್ಷದ ದುಡ್ಡು ಎಲ್ಲಿದೆ ಅಂತ ನೀವೇ ತೋರಿಸಬೇಕು. ಇದು ಅರ್ಥವಾದ ಮೇಲೆ ನೆಂಟರ ಬಾಯನ್ನು ಅಪ್ಪನೇ ಮುಚ್ಚಿಸಿದರು.

ಇವತ್ತೇ ನಿಮಗೆ ಸೀಟು ಕೊಟ್ಟ ವಿಭಾಗದ ಗ್ರಾಜುಯೇಟ್ ಕೋಆರ್ಡಿನೇಟರ್‌ಗೆ (ಪಿಎಚ್‌ಡಿ ವಿದ್ಯಾರ್ಥಿಗಳ ವ್ಯವಹಾರ ನೋಡಿಕೊಳ್ಳುವವರು) ಮೂರು ಸಾಲಿನ ಮೇಲ್ ಹಾಕಿ. ಫಂಡಿಂಗ್ ಯಾವಾಗ ತೀರ್ಮಾನವಾಗುತ್ತದೆ, ನನ್ನ ಹೆಸರು ಪರಿಗಣನೆಯಲ್ಲಿದೆಯೇ ಅಂತ ಕೇಳಿ. ಇದನ್ನು ಕೇಳಿದ್ದಕ್ಕೆ ಅಲ್ಲಿ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.